ಅಮ್ಮನ ರವಿಕೆ

ಔಷಧಿ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ಅಕ್ಕತಂಗಿ ನಿಂತಿದ್ದರು. ಮೈದುಂಬಿದ್ದ ತಂಗಿಯ ಕೈಯಲ್ಲಿ ಡಾಕ್ಟರ ಚೀಟಿ ಇತ್ತು. ಅಕ್ಕ ಬಟ್ಟೆ ಹೊಲಿಯುವವಳು. ಅಳತೆಯ ಟೇಪು ಕೊರಳಲ್ಲೇ ಉಳಿದಿತ್ತು.

“ವಾರಕ್ಕೊಂದು ಇಂಜೆಕ್ಷನ್ ಅಷ್ಟೇ ಅಕ್ಕ. ಹಸಿವೇ ಆಗಲ್ವಂತೆ.”

“ಅಮ್ಮನಿಗೂ ಆಗ್ತಿರಲಿಲ್ಲ.”

“ಅದು ಕಾಯಿಲೆ. ಇದು ತೂಕ ಇಳಿಸೋ ಔಷಧಿ. ಇಳಿಸದಿದ್ರೆ ಮಂಡಿ ಕೈಕೊಡುತ್ತೆ ಅಂದಿದಾರೆ ಡಾಕ್ಟ್ರು.”

“ತಗೋ. ನಾನೇನು ಬೇಡ ಅಂದ್ನಾ?”

“ನಿನ್ನ ಮುಖ ಅಂತಿದೆಯಲ್ಲ.”

“ಅಮ್ಮ ತೀರಿಕೊಂಡ ವರ್ಷ ಅವಳ ರವಿಕೇನ ನಾಲ್ಕು ಸಲ ಬಿಗಿ ಮಾಡಿಕೊಟ್ಟೆ ಕಣೆ. ಪ್ರತಿ ಸಲಾನೂ, ಸಣ್ಣಗಾಗಿದೀಯ, ಚೆನ್ನಾಗಿ ಕಾಣ್ತೀಯ ಅಂತ ಹೊಗಳಿದೆ.”

“ಕಾಯಿಲೆ ಅಂತ ಯಾರಿಗೂ ಗೊತ್ತಿರಲಿಲ್ವಲ್ಲ.”

“ಅಳತೆ ತಗೊಂಡೋಳು ನಾನು.”

ತಂಗಿ ಚೀಟಿಯನ್ನು ಮಡಚಿ, ಮತ್ತೆ ಬಿಡಿಸಿದಳು.

“ನಾನು ಸಣ್ಣಗಾದ್ರೆ ನನ್ನ ರವಿಕೆ ಯಾರು ಬಿಗಿ ಮಾಡ್ತಾರೆ?”

“ಬೇರೆ ಯಾರಿಗಾದ್ರೂ ಕೊಡು.”

“ನೀನೇ ಮಾಡ್ಬೇಕು. ಚೆನ್ನಾಗಿ ಕಾಣ್ತೀಯ ಅಂತ ಮಾತ್ರ ಅನ್ನಬೇಡ. ಊಟ ಆಯ್ತಾ ಅಂತ ಕೇಳು.”

ಅವರ ಸರದಿ ಬಂತು. ತಂಗಿ ಚೀಟಿ ಕೊಟ್ಟು ಪೊಟ್ಟಣ ತೆಗೆದುಕೊಂಡಳು. ಇಬ್ಬರೂ ಬಾಗಿಲು ದಾಟುವ ಮೊದಲೇ ಅಕ್ಕನ ದನಿ ಕೇಳಿಸಿತು.

“ಬೆಳಿಗ್ಗೆ ಏನು ತಿಂದೆ?”