ಒಂದು ತೆಗೆದುಕೊಂಡರೆ ಒಂದು ಇಡಿ

ಇದು ನಡೆದದ್ದು ಹೋದ ವರ್ಷ, ಕಾರ್ತಿಕದ ಕಡೇ ಸೋಮವಾರದ ಮಾರನೆಯ ರಾತ್ರಿ. ನಡೆದದ್ದು ಕಿರಣ್ ಕುಮಾರನಿಗೆ. ತೆರಕಣಾಂಬಿಯಿಂದ ಒಳದಾರಿ ಹಿಡಿದು, ಹಳೇ ಬಾವಿ ದಾಟಿದರೆ ಸಿಗುವ ಮೊದಲ ಮನೆ ಅವನದು. ಈಗಲೂ ಅಲ್ಲೇ ಇದ್ದಾನೆ. ಬೇಕಾದರೆ ಹೋಗಿ ಕೇಳಿ. ಕತ್ತಲಾದ ಮೇಲೆ ಮಾತ್ರ ಕೇಳಬೇಡಿ.

ಚೆಂಡುಹೂವಿನಿಂದ ಬಣ್ಣ ತೆಗೆಯುವ ಫ್ಯಾಕ್ಟರಿಯ ಲ್ಯಾಬಿನಲ್ಲಿ ಅವನ ಕೆಲಸ. ಅವತ್ತು ಎರಡನೇ ಪಾಳಿ ಮುಗಿಸಿ ಕಡೇ ಬಸ್ಸಿನಲ್ಲಿ ಬಂದಿಳಿದಾಗ ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು. ಮೊಬೈಲಿನ ಟಾರ್ಚ್ ಬಿಟ್ಟುಕೊಂಡು ನಡೆದ. ಅರಿಸಿನದ ಹೊಲ ಮುಗಿಯಿತು. ಬಾವಿ ಬಂತು. ಬಾವಿಯ ಮೇಲೆ ಬಾಗಿದ ಗೋಣಿಮರ ಬಂತು.

ಗಾಳಿ ಇರಲಿಲ್ಲ.

ಆಗ ಕೇಳಿಸಿತು. ಟಣ್… ಟಣ್… ಟಣಟಣಟಣ… ಗರ್ರ್… ಕಲ್ಲುಚಪ್ಪಡಿಯ ಮೇಲೆ ಗಾಜಿನ ಗೋಲಿ ಬಿದ್ದು, ಪುಟಿದು, ಉರುಳಿಕೊಂಡು ಹೋಗಿ ನಿಂತ ಹಾಗೆ.

ಟಾರ್ಚ್ ತಿರುಗಿಸಿದ. ಬಾವಿಕಟ್ಟೆ ಖಾಲಿ. ಒಂದು ಓತಿಕ್ಯಾತವೂ ಇಲ್ಲ.

ಬೇರೆಯವರಾಗಿದ್ದರೆ ಕಾಲಿಗೆ ಬುದ್ಧಿ ಹೇಳುತ್ತಿದ್ದರು. ಕಿರಣ ನಿಂತ. ಯಾಕೆಂದರೆ ಆ ಮರದಲ್ಲಿ ಅವನದೊಂದು ಡಬ್ಬಿ ಇತ್ತು. ಡಬ್ಬಿಯೊಳಗೆ ಒಂದು ಗಾಜಿನ ಗೋಲಿ ಇತ್ತು.

ಆ ಡಬ್ಬಿಯ ವಿಷಯ ಮೊದಲು ಹೇಳಬೇಕು.

ಅದೊಂದು ಆಟ. ಜಿಯೋಕ್ಯಾಷಿಂಗ್ ಅಂತಾರೆ. ಒಬ್ಬ ಎಲ್ಲೋ ಒಂದು ಡಬ್ಬಿ ಅಡಗಿಸಿ, ಆ ಜಾಗದ ಅಕ್ಷಾಂಶ ರೇಖಾಂಶವನ್ನು ಆ್ಯಪಿಗೆ ಹಾಕುತ್ತಾನೆ. ಇನ್ನೊಬ್ಬ ಮೊಬೈಲ್ ಹಿಡಿದು ಹುಡುಕಿಕೊಂಡು ಬರುತ್ತಾನೆ. ಸಿಕ್ಕರೆ ಡಬ್ಬಿಯಲ್ಲಿರುವ ಆಟದ ಸಾಮಾನೊಂದನ್ನು ತೆಗೆದುಕೊಂಡು, ತನ್ನದೊಂದನ್ನು ಇಟ್ಟು, ಸಿಕ್ಕಿತು ಅಂತ ಆ್ಯಪಿನಲ್ಲಿ ಬರೆದು ಹೋಗುತ್ತಾನೆ. ಅಷ್ಟೇ.

ಕಿರಣನಿಗೆ ಹುಡುಕುವುದಕ್ಕಿಂತ ಅಡಗಿಸುವುದರಲ್ಲೇ ಜೀವ. ಪುಣಜನೂರಿನ ರಸ್ತೆಯಲ್ಲಿ ಗೀಜಗ ಬಿಟ್ಟುಹೋದ ಗೂಡಿನೊಳಗೆ ಒಂದು. ಗೋಪಾಲಸ್ವಾಮಿ ಬೆಟ್ಟದ ಬುಡದಲ್ಲಿ, ನೆಲಕ್ಕೆ ಹೂತ ಕೊಳವೆ. ಮೇಲೆ ಕಾಣುವುದು ಯಾರೋ ಕುಡಿದು ಎಸೆದ ಸೋಡಾ ಬಾಟಲಿಯ ಬಿರಡೆ ಮಾತ್ರ. ಗುಂಡ್ಲುಪೇಟೆಯ ಹತ್ತಿರ ಒಂದು ಕೋಸಿನ ಹೊಲದಲ್ಲಿ, ಹಕ್ಕಿ ಬೆದರಿಸಲು ನಿಲ್ಲಿಸಿದ ಬೆರ್ಚಪ್ಪನ ಹೊಟ್ಟೆಯೊಳಗೆ ಒಂದು. ಬೇಲಿಯ ಮೇಲಿನ ಒಣ ಸೋರೆಬುರುಡೆಯೊಳಗೆ ಇನ್ನೊಂದು. ಆ ಸೀಮೆಯಲ್ಲಿ ಈ ಆಟ ಆಡುತ್ತಿದ್ದವರು ಕಿರಣ ಮತ್ತು ಚಾಮರಾಜನಗರದ ಅವನ ಕಾಲೇಜು ಗೆಳೆಯ ಮೃತ್ಯುಂಜಯ, ಇಬ್ಬರೇ.

ಮುಚ್ಚಿಟ್ಟದ್ದನ್ನು ಜನ ಹುಡುಕುತ್ತಾರೆ, ಕಣ್ಣೆದುರಿಗೆ ಇದ್ದದ್ದನ್ನು ಯಾರೂ ನೋಡುವುದಿಲ್ಲ ಅನ್ನುವುದು ಕಿರಣನ ಸಿದ್ಧಾಂತ. ಅದಕ್ಕೆ ಗೋಣಿಮರಕ್ಕಿಂತ ಒಳ್ಳೆಯ ಜಾಗ ಬೇಕೆ? ಆ ಮರದ ಕೊಂಬೆಗಳಲ್ಲಿ ಪುಟ್ಟ ಪುಟ್ಟ ತೊಟ್ಟಿಲುಗಳು ನೇತಾಡುತ್ತಿದ್ದವು. ಅಂಗೈಯಗಲದವು. ಬಿದಿರುಕಡ್ಡಿಯ ಚೌಕಟ್ಟು, ನಡುವೆ ಸೀರೆಯ ತುಂಡು. ಮಕ್ಕಳಾಗಲಿ ಅಂತ ಯಾರೋ ಹೊತ್ತ ಹರಕೆ ಅಂದುಕೊಂಡ. ಎಲ್ಲ ಕಡೆ ಕಟ್ಟುವುದು ಅದಕ್ಕೇ ತಾನೆ? ಹರಕೆಯನ್ನು ಯಾರೂ ಮುಟ್ಟುವುದಿಲ್ಲ. ಅವುಗಳ ನಡುವೆ ತನ್ನದೊಂದು ಕಟ್ಟಿದರೆ ಮುಗಿಯಿತು.

ಯುಗಾದಿ ಕಳೆದ ವಾರ ಕಟ್ಟಿದ. ಬಿದಿರುಕಡ್ಡಿ ಸೀಳಿ ತಾನೇ ಚೌಕಟ್ಟು ಮಾಡಿದ. ಬಟ್ಟೆಗೆ ಹೆಂಡತಿ ಪ್ರಿಯಾಂಕಳ ಹಳೇ ಹಸಿರು ಸೀರೆಯ ಸೆರಗಿನ ತುದಿ ಹರಿದ. ಅದರಲ್ಲಿ ನಾಲ್ಕು ಕಡೆ ಕೊಂಡಿ ಇರುವ ಪುಟ್ಟ ಡಬ್ಬಿ ಮಲಗಿಸಿ, ಮೀನಿನ ಗಾಳದ ದಾರದಲ್ಲಿ ಕೊಂಬೆಗೆ ಬಿಗಿದ. ಡಬ್ಬಿಯೊಳಗೆ ಒಂದು ಗೋಲಿ, ಒಂದು ಪೀಪಿ, ಒಂದು ಕೀಚೈನು. ಮುಚ್ಚಳದ ಮೇಲೆ ಮಾರ್ಕರಿನಲ್ಲಿ ದಪ್ಪಗೆ ಬರೆದ: ಒಂದು ತೆಗೆದುಕೊಂಡರೆ ಒಂದು ಇಡಿ. ಆಮೇಲೆ ತನ್ನದೂ ಸೇರಿ ಮರದಲ್ಲಿದ್ದ ತೊಟ್ಟಿಲುಗಳನ್ನೆಲ್ಲ ಎಣಿಸಿ ಆ್ಯಪಿನಲ್ಲಿ ಸುಳಿವು ಕೊಟ್ಟ.

ಇಪ್ಪತ್ತೆರಡರಲ್ಲಿ ಒಂದು ಸುಳ್ಳು.

ಪ್ರಿಯಾಂಕಳಿಗೆ ಆಗಲೇ ಮುಟ್ಟು ನಿಂತಿತ್ತು. ಬಸಿರು ಅನ್ನುವುದು ಅವಳಿಗೇ ಇನ್ನೂ ಸರಿಯಾಗಿ ಗೊತ್ತಿರಲಿಲ್ಲ.

ಕಾರ್ತಿಕದ ಆ ರಾತ್ರಿಗೆ ಅವಳಿಗೆ ಎಂಟು ತುಂಬಿ ಒಂಬತ್ತು. ಮದುವೆಯಾಗಿ ಆರು ವರ್ಷಕ್ಕೆ ನಿಂತ ಬಸಿರು.

ಗೋಲಿಯ ಸದ್ದು ಕೇಳಿ ಕಿರಣ ತನ್ನ ತೊಟ್ಟಿಲಿನ ಹತ್ತಿರ ಹೋದ. ಕೊಂಡಿ ಬಿಚ್ಚಿದ. ಟಕ್. ಟಕ್. ಟಕ್. ಟಕ್. ಕೀಚೈನು ಇತ್ತು. ಗೋಲಿ ಇರಲಿಲ್ಲ. ಪೀಪಿ ಇರಲಿಲ್ಲ. ಒಂದು ಕರಿಬಳೆ ಇತ್ತು. ಬಾಣಂತಿಯ ಮಗ್ಗುಲ ಕೂಸಿಗೆ ದೃಷ್ಟಿಗೆ ಅಂತ ಹಾಕುತ್ತಾರಲ್ಲ, ಅಂಥದ್ದು. ಅವನ ಹೆಬ್ಬೆರಳೂ ತೂರದಷ್ಟು ಸಣ್ಣದು.

ಅವನಿಗೆ ಭಯವಾಗಲಿಲ್ಲ. ಖುಷಿಯಾಯಿತು. ಅಷ್ಟು ತಿಂಗಳಿಗೆ ಮೊದಲ ಸಲ ಯಾರೋ ಹುಡುಕಿದ್ದರು. ಅಲ್ಲೇ ನಿಂತು ಮೃತ್ಯುಂಜಯನಿಗೆ ಫೋನು ಮಾಡಿದ. ಯಾಕೋ ದನಿ ತಾನಾಗಿಯೇ ತಗ್ಗಿತು.

"ತೊಟ್ಲು ಸಿಕ್ತೇನ್ಲಾ ಕೊನೆಗೂ?"

"ಮಲ್ಗಿದ್ದೋನ್ನ ಎಬ್ಬುಸ್ತಿಯಲ್ಲೋ… ಯಾವ್ ತೊಟ್ಲು?"

"ಗೋಣಿಮರದ್ದು ಕಣ್ಲಾ. ಗೋಲಿ ಎತ್ಕಂಡಿದ್ದೀಯ. ಪೀಪಿನೂ ಎತ್ಕಂಡಿದ್ದೀಯ. ಎರಡು ತಗಂಡು ಒಂದೇ ಇಟ್ಟಿದ್ದೀಯ, ಕಳ್ಳ."

"ನಾನು ಆ ಕಡೀಕೇ ಬಂದಿಲ್ಲ ಮಾರಾಯ. ನಿನ್ ಸೋರೆಬುರುಡೆ ಒಡ್ಯಾಕೋಗಿ ಹೊಲದೋನ ಕೈಲಿ ಉಗುಸ್ಕಂಡಿದ್ದೇ ಸಾಕು." ಆಮೇಲೆ ಕೇಳಿದ. "ಲೋ… ಪೀಪಿ ಊದ್ತಿರೋರು ಯಾರ್ಲಾ, ಇಷ್ಟೊತ್ನಲ್ಲಿ?"

ಕಿರಣನಿಗೆ ಏನೂ ಕೇಳಿಸಿರಲಿಲ್ಲ. ಫೋನಿಟ್ಟ. ಆ್ಯಪ್ ನೋಡಿದ. ಯಾರೂ ಬರೆದಿರಲಿಲ್ಲ.

ಬಳೆ ತೆಗೆದುಕೊಂಡ. ಬದಲಿಗೆ ಜೇಬಿನ ಪೆನ್ನು ಇಟ್ಟ. ಆಟದ ನಿಯಮ ಮುರಿಯಲಿಲ್ಲ. ಹುಟ್ಟುವ ಕೂಸಿಗೆ ಆಯಿತು ಅಂದುಕೊಂಡು ಬಳೆಯನ್ನು ಮನೆಗೆ ತಂದು ದೀಪದ ಗೂಡಿನಲ್ಲಿ ಇಟ್ಟು ಮಲಗಿದ.

ಮಾರನೆಯ ದಿನ ಅವನಿಗೆ ರಜೆ. ಸಂಜೆ ದೀಪ ಹಚ್ಚಲು ಬಂದ ಅಜ್ಜಿ ಪುಟ್ಟಮಾದಮ್ಮನ ಕೈಗೆ ಬಳೆ ಸಿಕ್ಕಿತು. ದೀಪ ಹಚ್ಚಲಿಲ್ಲ. ಒಳಗೆ ಮಲಗಿದ್ದ ಪ್ರಿಯಾಂಕಳ ಕಡೆ ಒಮ್ಮೆ ನೋಡಿ, ಮೊಮ್ಮಗನ ರಟ್ಟೆ ಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋದಳು.

"ಎಲ್ಲಿತ್ತು ಇದು?" ಪಿಸುದನಿ.

"ಗೋಣಿಮರದ ತೊಟ್ಲಲ್ಲಿ. ಯಾಕಜ್ಜಿ?"

"ಮರದ್ ತೊಟ್ಲಿಗ ಕೈ ಆಕ್ದಾ?"

"ಬೇರೆಯವ್ರದ್ದಲ್ಲ, ನಂದೇ. ಆಟಕ್ಕೆ ನಾನೇ ಒಂದು ಕಟ್ಟಿದ್ದೆ."

ಅಜ್ಜಿ ಹಾಗೇ ನೆಲಕ್ಕೆ ಕುಳಿತಳು.

"ಗಂಡುಸ್ರಿಗ ಯೋಳದಿಲ್ಲ ಕೂಸೇ, ಆ ಮರದ್ ಮಾತ. ನೀನೂ ಆಸ್ಟಲಲ್ಲೇ ಬೆಳ್ದೆ… ಅದು ಮಕ್ಳು ಬೇಕು ಅಂತ ಕಟ್ಟದಲ್ಲ. ಹೆಸ್ರಿಕ್ಕೋಕ್ ಮುಂಚೇನೇ ಸತ್ತೋದ ಕೂಸಿಗ ಕಟ್ಟದು. ತೊಟ್ಲು ಕಾಣ್ದೆ ಓದ ಕೂಸು ತೊಟ್ಲು ಹುಡೀಕಂಡು ಮನಗ ಬತ್ತದ. ಬರ್ದೇ ಇರ್ಲಿ ಅಂತ ತಾಯಿ ಸೀರೆ ಹರ್ದು ಅಲ್ಲಿ ಕಟ್ತರ." ಬಳೆಯನ್ನು ಅವನ ಮುಂದೆ ಹಿಡಿದಳು. "ಇದು ಮಣ್ಣಿಗ್ ಮಡ್ಗುವಾಗ ಕೂಸಿನ್ ಕೈಲೇ ಬುಟ್ಬುಡ ಬಳೆ."

ಕಿರಣ ನಗಲು ನೋಡಿದ. ಆಗಲಿಲ್ಲ.

"ನೀನು ಯಾವ್ ಸೀರೆ ಹರ್ದೆ?"

ಅವನು ಬಾಗಿಲ ಕಡೆ ನೋಡಿದ. ಒಳಗೆ ಪ್ರಿಯಾಂಕ ಮಗ್ಗುಲು ಬದಲಿಸಿದ್ದು, ಮಂಚ ಕಿರುಗುಟ್ಟಿದ್ದು ಕೇಳಿಸಿತು.

"ಅಯ್ಯೋ ನನ್ ಕಂದ…" ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಏನ ಮಾಡ್ಬುಟ್ಟೆ."

"ಈಗ್ಲೇ ಹೋಗಿ ಬಿಚ್ಕಂಡ್ ಬತ್ತೀನಿ."

"ಕಟ್ಟುದ್ದ ಬಿಚ್ಚಂಗಿಲ್ಲ. ಯಾರೂ ಬಿಚ್ಚಿಲ್ಲ."

"ಮತ್ತೇನು ಮಾಡ್ಲಿ?"

ಅಜ್ಜಿ ಬಳೆಯನ್ನು ಅವನ ಕೈಗೆ ಹಾಕಿ ಒಳಗೆ ಹೋದಳು. 

ಊರು ಮಲಗಿದ ಮೇಲೆ ಹೋದ. ಕೈಚೀಲದಲ್ಲಿ ಕುಡುಗೋಲು, ಜೇಬಿನಲ್ಲಿ ಬಳೆ. ಮರದ ಕೆಳಗೆ ಟಾರ್ಚ್ ಹಾಕಿದ. ತೊಟ್ಟಿಲುಗಳೆಲ್ಲ ಮೆಲ್ಲಗೆ ತೂಗುತ್ತಿದ್ದವು. ಗಾಳಿ ಇಲ್ಲ. ಎಲೆಯೂ ಅಲುಗುತ್ತಿಲ್ಲ. ಕಿರ್… ಕಿರ್… ಕಿರ್… ದಾರಗಳು ಕೊಂಬೆಗೆ ಉಜ್ಜುವ ಸದ್ದು. ಮೇಲಿನ ಕೊಂಬೆಯಲ್ಲೆಲ್ಲೋ ಯಾರೋ ಪೀಪಿ ಊದಲು ನೋಡಿದರು. ಉಸಿರು ಸಾಲದವರು ಊದಿದ ಹಾಗೆ. ಪೀ…

ಹಸಿರು ತೊಟ್ಟಿಲೊಂದೇ ತೂಗುತ್ತಿರಲಿಲ್ಲ.

ಡಬ್ಬಿಗೆ ಕೈ ಹಾಕಿದ. ಬೆಚ್ಚಗಿತ್ತು. ಕಂಬಳಿಯೊಳಗಿಂದ ಈಗ ತಾನೇ ತೆಗೆದ ಹಾಗೆ. ತೆರೆದ. ಕೀಚೈನು, ಪೆನ್ನು ಎರಡೂ ಇರಲಿಲ್ಲ. ಬಳೆಯನ್ನು ಅದರೊಳಗೆ ಹಾಕಿ ನಾಲ್ಕೂ ಕೊಂಡಿ ಒತ್ತಿ ಮುಚ್ಚಿದ. ಅಲ್ಲಿಗೆ ಬಿಟ್ಟು ಬಂದಿದ್ದರೆ… ಯಾರಿಗೆ ಗೊತ್ತು. ಅವನು ಬಿಡಲಿಲ್ಲ. ಕುಡುಗೋಲು ಹಾಕಿದ. ಗಾಳದ ದಾರ ಟಿಂಗ್ ಅಂತ ತುಂಡಾಯಿತು. ತೊಟ್ಟಿಲನ್ನು ಚೀಲಕ್ಕೆ ತುರುಕಿ ನಡೆದ.

ಆ ಕ್ಷಣ ಕಿರ್ ಕಿರ್ ಸದ್ದು ನಿಂತಿತು. ಎಲ್ಲವೂ ಒಟ್ಟಿಗೆ.

ಬಾವಿ ದಾಟಿದ. ಚೀಲದೊಳಗೆ… ಟಕ್.

ಓಡಲಿಲ್ಲ. ಓಡಿದರೆ ಚೀಲ ಮೈಗೆ ತಗುಲುತ್ತಿತ್ತು.

ಬೇಲಿಯ ಹತ್ತಿರ… ಟಕ್.

ಹಿತ್ತಲ ತಿರುವಿನಲ್ಲಿ… ಟಕ್.

ಬಚ್ಚಲ ಒಲೆಯ ಮುಂದೆ ಚೀಲ ಇಳಿಸಿದಾಗ ನಾಲ್ಕನೆಯದು.

ಡಬ್ಬಿ ತೆರೆದುಕೊಂಡಿತ್ತು. ಬಳೆ ಇರಲಿಲ್ಲ. ಚೀಲ ಕೊಡವಿದ. ನೆಲ ತಡವಿದ. ಇರಲಿಲ್ಲ. ಡಬ್ಬಿ, ಬಿದಿರು, ಹಸಿರು ಬಟ್ಟೆ ಎಲ್ಲವನ್ನೂ ಒಲೆಗೆ ಹಾಕಿ ಸೀಮೆಎಣ್ಣೆ ಸುರಿದ. ಪೂರ್ತಿ ಬೂದಿಯಾಗುವ ತನಕ ಕುಳಿತಿದ್ದ. ಆಮೇಲೆ ಒಳಗೆ ಹೋಗಿ ಪ್ರಿಯಾಂಕಳ ಪಕ್ಕ ಮಲಗಿದ. ಎಲ್ಲ ಮುಗಿಯಿತು ಅಂತಲೇ ಅವನಿಗೆ ಅನಿಸಿತ್ತು.

ಕೋಳಿ ಕೂಗುವ ಹೊತ್ತಿಗೆ ಅವಳು ಎಬ್ಬಿಸಿದಳು.

"ರೀ… ರಾತ್ರಿಯಿಂದ ಕೂಸು ಒದೀತಿಲ್ಲ ಕಣ್ರೀ."

"ಮಲಗಿರಬೇಕು."

"ಇಷ್ಟೊತ್ತು ಮಲಗಲ್ಲ ಅದು." ಅವನ ಕೈ ಎಳೆದು ಹೊಟ್ಟೆಯ ಮೇಲೆ ಇಟ್ಟುಕೊಂಡಳು. "ನೋಡಿ. ಕರೀರಿ. ನೀವು ಮಾತಾಡಿದ್ರೆ ಒದೀತದೆ."

ಕಿರಣ ಕರೆದ. ಏನಂತ ಕರೆಯುವುದು, ಹೆಸರಿರಲಿಲ್ಲ. ಕೂಸೇ, ಕೂಸೇ ಅಂದ. ಕೈಯ ಕೆಳಗೆ ಏನೂ ಅಲುಗಲಿಲ್ಲ.

ಆಟೋ ಮಾಡಿಕೊಂಡು ಚಾಮರಾಜನಗರದ ಆಸ್ಪತ್ರೆಗೆ ಹೋದರು. ಸ್ಕ್ಯಾನಿಂಗ್ ಮಾಡುತ್ತಿದ್ದ ಡಾಕ್ಟರಮ್ಮ ಮೊದಲು ಮಾತಾಡುತ್ತಿದ್ದರು. ಆಮೇಲೆ ಮಾತು ನಿಲ್ಲಿಸಿದರು. ಮಾರನೆಯ ದಿನ ಹೆರಿಗೆಯಾಯಿತು. ಹೆಣ್ಣು. ಮಲಗಿದ ಹಾಗೇ ಇತ್ತು. ಡಾಕ್ಟರಮ್ಮ ಕಾರಣ ಹೇಳಿದರು. ಕಿರಣ ವಿಜ್ಞಾನ ಓದಿದವನು, ಪೂರ್ತಿ ಕೇಳಿಸಿಕೊಂಡ. ಕಾರಣ ಸರಿಯಾಗಿಯೇ ಇತ್ತು.

ಮಣ್ಣು ಮಾಡಿ ಬಂದ ಸಂಜೆ ಹಿತ್ತಲಲ್ಲಿ ಅಜ್ಜಿಗೆ ಎಲ್ಲವನ್ನೂ ಹೇಳಿದ. ದಾರ ಕೊಯ್ದದ್ದು, ತಂದದ್ದು, ಸುಟ್ಟದ್ದು. ಅಜ್ಜಿ ಬೈಯಲಿಲ್ಲ. ಒಂದೇ ಮಾತು ಕೇಳಿದಳು.

"ಅಲ್ಲಿಂದ ಕಿತ್ಕಂಡ್ ಬಂದೆ, ಸರಿ. ಅಲ್ಲಿಗ ಏನ ಮಡ್ಗಿ ಬಂದೆ ಕೂಸೇ?"

ಅವಳಿಗೆ ಓದು ಬರುವುದಿಲ್ಲ. ಆ ಡಬ್ಬಿಯ ಮುಚ್ಚಳವನ್ನು ಅವಳು ನೋಡಿಯೂ ಇರಲಿಲ್ಲ.

ಪದ್ಧತಿಯಂತೆ ಮೂರನೆಯ ದಿನ ತೊಟ್ಟಿಲು ಕಟ್ಟಬೇಕು. ಯಾರೂ ಕಟ್ಟಲಿಲ್ಲ. ಕಟ್ಟಬಾರದು ಅಂತ ಕಿರಣ ಅಡ್ಡ ನಿಂತ. ಅಜ್ಜಿ ಮನೆ ಬಿಟ್ಟು ಕದಲಲಿಲ್ಲ. ಪ್ರಿಯಾಂಕ ಹಾಸಿಗೆಯಿಂದ ಏಳಲಿಲ್ಲ. ಈಗಲೂ ಅವಳು ಹೆಚ್ಚು ಮಾತಾಡುವುದಿಲ್ಲ. ಒಮ್ಮೊಮ್ಮೆ ರಾತ್ರಿ ಎದ್ದು ಕುಳಿತು, ಗೋಲಿ ಬಿತ್ತು ನೋಡಿ ಅನ್ನುತ್ತಾಳೆ. ಆ ಹಸಿರು ಸೀರೆ ಟ್ರಂಕಿನಲ್ಲಿ ಮಡಿಸಿದ ಹಾಗೇ ಇದೆ. ಕಿರಣ ಬಿಡಿಸಿ ನೋಡಿದ್ದಾನೆ. ಹರಿದಿರುವುದು ಸೆರಗಿನ ತುದಿ ಒಂದೇ. ಬೇರೆಲ್ಲೂ ಇಲ್ಲ.

ಅವನು ಆಟ ಬಿಟ್ಟ. ಗೀಜಗನ ಗೂಡಿನದು, ಬೆರ್ಚಪ್ಪನ ಹೊಟ್ಟೆಯದು, ಎಲ್ಲ ಡಬ್ಬಿಗಳನ್ನೂ ಕಿತ್ತು ತಂದ. ಪ್ರತಿ ಜಾಗದಲ್ಲೂ ಏನಾದರೊಂದು ಇಟ್ಟೇ ಬಂದ. ಕಡೆಗೆ, ತಿಂಗಳು ಕಳೆದ ಮೇಲೆ, ಒಂದು ಮಧ್ಯಾಹ್ನ ಮೃತ್ಯುಂಜಯನನ್ನು ಜೊತೆಗೆ ಕರೆದುಕೊಂಡು ಗೋಣಿಮರಕ್ಕೆ ಹೋದ. ಸುಡುಬಿಸಿಲು. ಬಾವಿಕಟ್ಟೆಯ ಮೇಲೆ ಎರಡು ಮೇಕೆ ಮಲಗಿದ್ದವು.

ಅವನದ್ದಿದ್ದ ಕೊಂಬೆಯಲ್ಲಿ, ಅದೇ ಜಾಗದಲ್ಲಿ, ಹಸಿರು ಬಟ್ಟೆ.

ಮುಟ್ಟಲಿಲ್ಲ. ಒಳಗೆ ಏನಿದೆ ಅಂತಲೂ ನೋಡಲಿಲ್ಲ. ಎಣಿಸಿದ. ಮೃತ್ಯುಂಜಯನ ಕೈಲೂ ಬೇರೆಯಾಗಿ ಎಣಿಕೆ ಮಾಡಿಸಿದ. ಈ ಕತೆಯಲ್ಲಿ ನಂಬದವರು ಯಾವುದನ್ನು ಬೇಕಾದರೂ ನಂಬದಿರಲಿ. ಆ ಮರ ಅಲ್ಲೇ ಇದೆ, ಹಗಲು ಹೊತ್ತು ಹೋಗಿ ಯಾರು ಬೇಕಾದರೂ ಎಣಿಸಬಹುದು.

ಇಪ್ಪತ್ತೆರಡು.