ಬೆಟ್ಟ ಸುತ್ತುವ ಮೇಷ್ಟ್ರು

ಸೋಮವಾರಪೇಟೆಯಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಹೊಸದಾಗಿ ಬಂದ ಶಾಲೆಯ ಮೇಷ್ಟ್ರು, ದನ ಮೇಯಿಸುವ ಮುದುಕ ಜವರಯ್ಯನಿಗೆ ಆಗಿನ ಕೊಡಗು ರಾಜ್ಯದ ನಕ್ಷೆ ಬಿಡಿಸಿ ತೋರಿಸುತ್ತಿದ್ದರು.

“ಊರಿಂದ ಬೆಟ್ಟ ಹತ್ತಿ, ಆಚೆ ಇಳಿದು, ಸುತ್ತು ಹಾಕಿ ಸಂಜೆಗೆ ಊರಿಗೇ ಬರ್ತೀನಿ. ನೂಲಿಟ್ಟು ಅಳೆದೆ, ಹನ್ನೆರಡೇ ಮೈಲಿ.”

“ನೂಲಿಗೆ ಏದುಸಿರು ಬರಲ್ಲ ಬಿಡಿ.”

“ಹೋದ ದಾರೀಲೇ ವಾಪಸ್ ಬರೋದು ಬೇಜಾರಲ್ವೇನಯ್ಯ?”

“ಬೇಜಾರಂತೆ! ನಾವು ಹೋಗ್ತಾ ಕೊಂಬೆ ಮುರ್ಕೊಂಡು ಹೋಗೋದು ಯಾಕೆ? ಮಂಜು ಕವಿದ್ರೆ ಅದೇ ಗುರುತು ನೋಡ್ಕೊಂಡು ವಾಪಸ್ ಬರೋಕೆ. ಸುತ್ತು ಹಾಕೋರಿಗೆ ಮುಂದಿನ ದಾರೀಲಿ ಯಾರು ಮುರಿದಿಟ್ಟಿರ್ತಾರೆ?”

“ನಾನೂ ಮುರೀತಾ ಹೋದರಾಯ್ತು.”

ಬಸ್ಸು ಬಂತು. ಜವರಯ್ಯ ಮೊದಲು ಹತ್ತಿ, ಮೆಟ್ಟಿಲಿನಿಂದಲೇ ತಿರುಗಿದ.

“ತಪ್ಪದೆ ಮುರೀರಿ ಮೇಷ್ಟ್ರೇ. ಮಾರನೇ ದಿನ ನಿಮ್ಮನ್ನ ಹುಡುಕ್ಕೊಂಡು ಬರೋ ನಮಗೆ ಬೇಕಾಗುತ್ತೆ.”