ಮೂರು ಕಡೆ ಬಿಟ್ಟುಹೋದ ಹಕಾರ

ಅದಕ್ಕೇ ಕಣ್ರೋ ನಾನು ‘ಹುಣಸೂರು’ ಅಂತ ಹೊಟ್ಟೆಯಿಂದ ಉಸಿರೆಳೆದು ಹೇಳೋದು. ಬಸ್‌ಸ್ಟ್ಯಾಂಡಲ್ಲಿ ಕಂಡಕ್ಟರ್ ನಕ್ಕರೆ ನಗಲಿ, ನೀವೂ ನಗಿ, ನಿಮ್ಮಜ್ಜಿ ‘ಇವನೊಬ್ಬ ಮೇಷ್ಟ್ರು ಹುಟ್ಟವ್ನೆ ನಮ್ಮನೇಲಿ’ ಅಂತ ಆಡ್ಕೊಳ್ಳಲಿ, ನನಗೇನೂ ಬೇಜಾರಿಲ್ಲ. ಈ ತಾಲ್ಲೂಕಲ್ಲಿ ಹಕಾರನ ನನ್ನಷ್ಟು ಗಟ್ಟಿಯಾಗಿ ಹೇಳೋ ಗಂಡಸು ಇನ್ನೊಬ್ಬ ಇದ್ರೆ ಕರ್ಕೊಂಡು ಬನ್ನಿ ನೋಡಾನ. ಆ ಒಂದು ಅಕ್ಷರಕ್ಕೋಸ್ಕರ ನಿಮ್ಮ ಚಿಕ್ಕಪ್ಪ ಈ ಹನುಮೇಗೌಡ ಮುಳ್ಳುತಂತಿ ಒಳಗೇ ಉಳಿದುಬಿಡೋನಿದ್ದ, ಗೊತ್ತಾ. ಜೈಲಲ್ಲ, ಜೈಲು ಅಂತ ಊರಲ್ಲಿ ಹೇಳ್ಕೊಂಡು ತಿರುಗಬೇಡಿ, ಜೈಲಿಗೆ ತಪ್ಪು ಮಾಡ್ದೋರು ಹೋಗ್ತಾರೆ. ಅದು ಕ್ಯಾಂಪು. ಯುದ್ಧ ಅಂತ ಆದ್ರೆ ತಪ್ಪು ಮಾಡ್ದೇ ಇದ್ರೂ ಅಲ್ಲಿಗೆ ಹಾಕ್ತಾರೆ.

ತಾಳಿ, ಬುಡದಿಂದ ಹೇಳ್ತೀನಿ. ನಮ್ಮ ಹೊಗೆಸೊಪ್ಪಿನ ಬ್ಯಾರನ್ ನೋಡಿದೀರಲ್ಲ, ಸೊಪ್ಪು ನೇತುಹಾಕಿ, ಕೆಳಗೆ ಬೆಂಕಿ ಕೊಟ್ಟು ಹದ ಮಾಡೋದು. ಆ ಬೆಂಕಿ ಕಾಯೋದ್ರಲ್ಲಿ ನನ್ನ ಮೀರಿಸೋರು ಯಾರೂ ಇರ್ಲಿಲ್ಲ, ಬೆಟ್ಟದಪುರದಿಂದ ನನ್ನ ಹುಡುಕ್ಕೊಂಡು ಬರೋರು, ಹೊರಗಿನ ಗೋಡೆಗೆ ಅಂಗೈ ಇಟ್ಟು ಒಳಗೆ ಎಷ್ಟು ಶಾಖ ಅಂತ ಹೇಳ್ತಿದ್ದೆ, ಥರ್ಮಾಮೀಟರನ್ನ ಅವರು ಆಮೇಲೆ ನೋಡೋರು, ನಾನು ಹೇಳಿದ್ದಕ್ಕೆ ಸರಿಯಾಗಿದ್ಯಾ ಅಂತ. ಆಗ ಸರಗೂರಿನ ಹಮೀದಣ್ಣ, ಟೈಲರ್ ಹಮೀದಣ್ಣ, ನನಗಿಂತ ಹತ್ತು ವರ್ಷ ದೊಡ್ಡೋರು, ಕೊಲ್ಲಿ ಕಡೆ ಒಂದು ದೇಶದಲ್ಲಿ ಅಂಗಿ ಹೊಲೀತಿದ್ರು, ರಜಕ್ಕೆ ಬಂದೋರು ‘ಅಲ್ಲೊಂದು ರೊಟ್ಟಿ ಬೇಕರಿಗೆ ಬೆಂಕಿ ಗೊತ್ತಿರೋ ಆಳು ಬೇಕಂತೆ, ಬತ್ತೀಯೇನೋ ಗೌಡ’ ಅಂದ್ರು. ಬತ್ತೀನಿ ಅಂದೆ. ದೇಶದ ಹೆಸರು ಹೇಳಲ್ಲ, ಎರಡು ವರ್ಷ ಅವರ ಉಪ್ಪು ತಿಂದಿದೀನಿ. ತೊಂಬತ್ತರ ಆಸುಪಾಸು ಅಂತ ಇಟ್ಕೊಳ್ಳಿ. ಹೋದ ಒಂದೇ ತಿಂಗಳಿಗೆ ಆ ಒಲೆ ನನ್ನ ಮಾತು ಕೇಳೋ ಹಂಗೆ ಮಾಡ್ದೆ. ನಾನು ತೆಗೆದ ರೊಟ್ಟಿ ಪೂರ್ತಿ ಉಬ್ಬಿ ಬರೋದು, ಒಂದು ಕಡೆನೂ ಕರಕಾಗ್ತಿರ್ಲಿಲ್ಲ, ಜನ ಸಾಲು ನಿಂತು ತಗೊಂಡು ಹೋಗೋರು.

ಹಂಗಿರೋವಾಗ ಪಕ್ಕದ ದೇಶದ ಸೈನ್ಯ ಬಂದು ಕೂತ್ಕೊಂತು. ನಮ್ಮ ಮಾಲೀಕ, ಬೇಕರಿನೂ ಹಮೀದಣ್ಣನ ಟೈಲರ್ ಅಂಗಡಿನೂ ಅವನದೇ, ರಾತ್ರೋರಾತ್ರಿ ಹೆಂಡ್ತಿ ಮಕ್ಕಳನ್ನ ಕಾರಲ್ಲಿ ತುಂಬ್ಕೊಂಡು ಓಡಿಹೋದ, ನಮ್ಮೆಲ್ಲರ ಪಾಸ್‌ಪೋರ್ಟು ಅವನ ಕಬ್ಬಿಣದ ಪೆಟ್ಟಿಗೇಲಿತ್ತು, ಪೆಟ್ಟಿಗೆನೂ ಓಡಿಹೋಯ್ತು. ಬಂದ ಸೈನ್ಯದೋರು ಬಂದೂಕ ಹಿಡ್ಕೊಂಡು ರೊಟ್ಟಿ ಹಾಕು ಅಂದ್ರು. ಹಾಕ್ದೆ. ಹಾಕಲ್ಲ ಅನ್ನೋಕಾಗ್ತದಾ? ಹಮೀದಣ್ಣನೂ ಅವರ ಅಂಗಿಗೆ ಗುಂಡಿ ಹೊಲ್ಕೊಟ್ರು. ಆಮೇಲೆ ಯುದ್ಧ ನಡೀತು, ಅವರು ಸೋತು ಹೋದ್ರು, ಓಡಿಹೋಗಿದ್ದೋರು ತಿರುಗಿ ಬಂದ್ರು. ಬಂದೋರು ಮೊದಲು ಕೇಳಿದ್ದೇನು ಹೇಳಿ. ವೈರಿಗೆ ರೊಟ್ಟಿ ಹಾಕ್ದೋನು ಯಾರು, ಅಂಗಿ ಹೊಲ್ದೋನು ಯಾರು. ಕೈಲಿ ಕಾಗದ ಇಲ್ಲದೋರನ್ನೆಲ್ಲ ಲಾರಿಗೆ ತುಂಬಿದ್ರು, ನನ್ನ ಬೆಳಿಗ್ಗೆ ಲಾರೀಲಿ, ಹಮೀದಣ್ಣನ್ನ ಸಾಯಂಕಾಲದ ಲಾರೀಲಿ.

ಕ್ಯಾಂಪು ಅಂದ್ರೆ ಒಂದು ದೊಡ್ಡ ಸ್ಕೂಲು, ಸುತ್ತ ತಂತಿ. ಬಾಗಿಲಲ್ಲಿ ಒಬ್ಬ ಗುಮಾಸ್ತ ದಪ್ಪ ಪುಸ್ತಕ ಇಟ್ಕೊಂಡು ಕೂತಿದ್ದ. ಹಮೀದಣ್ಣ ಇದ್ದಿದ್ರೆ ಉರ್ದು ಗಿರ್ದು ಸೇರಿಸಿ ಹೇಳಿರೋರು, ಇನ್ನೂ ಬಂದಿರ್ಲಿಲ್ಲ. ಇದ್ದಿದ್ದು ನಾನೊಬ್ಬನೇ. ಎದೆ ಉಬ್ಬಿಸ್ಕೊಂಡು ಹೇಳ್ದೆ. ಹೆಸರೇನು, ‘ಅನುಮೇಗೌಡ’. ಅಪ್ಪನ ಹೆಸರೇನು, ‘ಉಚ್ಚೇಗೌಡ’. ನಗಬೇಡಿ ಕಣ್ರೋ, ನಿಮ್ಮ ತಾತನೇ ಅವರು, ಹುಚ್ಚೇಗೌಡ ಅಂತ ಈಗ ನಾನು ಹೇಳ್ತೀನಿ, ಆವಾಗ ಯಾರು ಹಂಗೆ ಹೇಳ್ತಿದ್ರು. ಊರು ಯಾವುದು, ‘ಉಣ್ಸೂರು’. ಅವನು ಕಿವಿಗೆ ಬಿದ್ದಿದ್ದನ್ನ ಬಲಗಡೆಯಿಂದ ಎಡಗಡೆಗೆ ಬರ್ಕೊಂಡ. ಎಷ್ಟು ಮರ್ಯಾದೆಯಾಗಿ ಬರ್ಕೊಂಡ ಅಂತ ನನಗೆ ಖುಷಿ ಬೇರೆ.

ಒಳಗೆ ಮೂರು ತರದ ಜನ ಇದ್ರು. ತಂತಿಯಾಚೆ ಅಂಗಳದಲ್ಲಿ ಸೆರೆಸಿಕ್ಕ ಸೈನಿಕರು, ಬರಿಗಾಲಲ್ಲಿ, ಮಕ್ಕಳ ವಯಸ್ಸಿನೋರೇ ಜಾಸ್ತಿ. ಈಚೆ ನಮ್ಮಂಥ ಹೊರಗಿನ ಕೂಲಿಯೋರು. ಮೂರನೆಯೋರು ಅಲ್ಲೇ ಹುಟ್ಟಿ ಅಲ್ಲೇ ಬೆಳೆದ ಜನ, ಅವರ ಭಾಷೆನೇ, ಅವರ ದೇವರೇ, ಆದ್ರೆ ಕುಲ ಬೇರೆ ಅಂತ ಯಾವತ್ತೂ ಕಾಗದ ಕೊಟ್ಟಿರ್ಲಿಲ್ಲ. ಯುದ್ಧ ಬಂದಿದ್ದೇ ತಡ, ಕಾಗದ ಇಲ್ಲ ಅಂದ್ರೆ ವೈರಿ ಕಡೆಯೋನು ಅಂತ ಎಳ್ಕೊಂಡು ಬಂದಿದ್ರು. ನನ್ನ ಚಾಪೆ ಪಕ್ಕ ಒಬ್ಬ ಮುದುಕರು ಇದ್ರು, ಅದೇ ಸ್ಕೂಲಲ್ಲಿ ಲೆಕ್ಕದ ಮೇಷ್ಟ್ರಾಗಿದ್ದೋರು, ನಾವು ಮಲಗ್ತಿದ್ದದ್ದು ಅವರದೇ ಕ್ಲಾಸಲ್ಲಿ. ನಾಕು ತಿಂಗಳು ಬೇಳೆನೀರು. ನಿಮ್ಮ ಚಿಕ್ಕಪ್ಪ ಸುಮ್ಮನೆ ಕೂತಿದ್ನಾ? ಅಡುಗೆ ಮನೆಗೆ ನುಗ್ಗಿ, ಉರಿಯದೆ ಹೊಗೆಯಾಡ್ತಿದ್ದ ಒಲೆ ಸರಿ ಮಾಡಿ ರೊಟ್ಟಿ ಸುಟ್ಟೆ, ಕಾವಲಿನೋರೇ ಬಂದು ನನ್ನ ಹತ್ರ ರೊಟ್ಟಿ ಕೇಳೋರು. ಹೆಬ್ಬೆರಳು ಸುಟ್ಟು ಸುಟ್ಟು ನುಣ್ಣಗಾಗಿಹೋಯ್ತು, ಅದೇ ಆಮೇಲೆ ತೊಂದರೆ ಆಯ್ತು, ಬತ್ತೀನಿ ಅದಕ್ಕೆ.

ಕೊನೆಗೊಂದು ದಿನ ನಮ್ಮ ದೇಶದ ಕಚೇರಿಯಿಂದ ಒಬ್ರು ಸಾಹೇಬ್ರು ಬಂದ್ರು, ಹಿಂದಿ ಕಡೆಯೋರು. ನಮ್ಮ ಮಾಲೀಕ ತಿರುಗಿ ಬಂದು ಪೆಟ್ಟಿಗೆ ಒಪ್ಪಿಸಿದ್ನಂತೆ, ಪಾಸ್‌ಪೋರ್ಟೆಲ್ಲ ಅವರ ಮೇಜಿನ ಮೇಲಿತ್ತು. ಹೊರಗೆ ಬಸ್ಸು ನಿಂತಿತ್ತು. ಪಾಸ್‌ಪೋರ್ಟಿನ ಹೆಸರೂ ಕ್ಯಾಂಪಿನ ಪುಸ್ತಕದ ಹೆಸರೂ ಒಂದೇ ಆದ್ರೆ ಬಸ್ಸಿಗೆ, ಅಲ್ಲಿಂದ ವಿಮಾನಕ್ಕೆ. ಆಗ್ಲಿಲ್ಲ ಅಂದ್ರೆ ಗುರುತಿಲ್ಲದೋನು ಅಂತ ತಂತಿಯಾಚೆ ಸೈನಿಕರ ಅಂಗಳಕ್ಕೆ. ಆ ಅಂಗಳಕ್ಕೆ ಹೋದೋನನ್ನ ಕೇಳೋಕೆ ಯಾವ ಸಾಹೇಬನೂ ಬರಲ್ಲ. ಹಮೀದಣ್ಣನ ಹೆಸರು ಕೂಗಿದ್ರು, ಪುಸ್ತಕದಲ್ಲಿ ಸಿಕ್ತು, ಹೋಗಿ ಬಸ್ಸಲ್ಲಿ ಕೂತ್ರು. ‘ಹನುಮೇಗೌಡ, ಹುಚ್ಚೇಗೌಡನ ಮಗ, ಹುಣಸೂರು’ ಅಂದ್ರು ಸಾಹೇಬ್ರು. ನಾನು ಮುಂದೆ ಬಂದೆ. ಕ್ಯಾಂಪಿನ ಅಧಿಕಾರಿ ಪುಸ್ತಕ ಹಿಂದಕ್ಕೂ ಮುಂದಕ್ಕೂ ತಿರುವಿ, ಆ ಹೆಸರಿನೋನು ಇಲ್ಲ, ಈ ಮನುಷ್ಯ ಬೇರೆ, ಇವನ ಹೆಸರು ಬೇರೆ, ಊರು ಬೇರೆ, ಅಪ್ಪನೂ ಬೇರೆ, ಯಾರೋ ಸತ್ತೋನ ಪಾಸ್‌ಪೋರ್ಟಲ್ಲಿ ನುಸುಳೋಕೆ ನೋಡ್ತಾವ್ನೆ ಅಂದ. ಹಂಗೆ ನುಸುಳಿದ್ದೋರು ಇದ್ರು, ಅವನ ಮಾತು ಪೂರ್ತಿ ಸುಳ್ಳಲ್ಲ. ಫೋಟೋದಲ್ಲಿ ನಾನು ದುಂಡುದುಂಡಗೆ, ದಪ್ಪ ಮೀಸೆ. ಎದುರಿಗೆ ನಿಂತಿದ್ದದ್ದು ಗಡ್ಡ, ಮೂಳೆ. ಪಾಸ್‌ಪೋರ್ಟಿಗೆ ಅವಸರದಲ್ಲಿ ಏಜೆಂಟು ಸಹಿ ಬದಲು ಹೆಬ್ಬೆಟ್ಟು ಒತ್ತಿಸಿಬಿಟ್ಟಿದ್ದ, ಆ ಹೆಬ್ಬೆಟ್ಟು ಈಗ ನುಣ್ಣಗೆ. ಸಾಹೇಬ್ರು ನನ್ನ ಪಾಸ್‌ಪೋರ್ಟ್ ಮುಚ್ಚಿ ಪಕ್ಕಕ್ಕಿಟ್ರು. ಕಾವಲಿನೋನು ನನ್ನ ರಟ್ಟೆಗೆ ಕೈ ಹಾಕ್ದ. ತಂತಿ ಕಡೆ ಎಳೀತಾವ್ನೆ.

ನೋಡ್ತೀನಿ, ಹಮೀದಣ್ಣ ಬಸ್ಸಿಂದ ಇಳಿದು ಬತ್ತಾವ್ರೆ. ಇಳಿದೋರನ್ನ ತಿರುಗಿ ಹತ್ತಿಸ್ತೀವಿ ಅಂತ ಯಾರೂ ಹೇಳಿರ್ಲಿಲ್ಲ, ಆದ್ರೂ ಬಂದ್ರು. ಅವರಿಗೆ ಉರ್ದು ಓದೋಕೆ ಬತ್ತಿತ್ತಲ್ಲ, ಅಲ್ಲಿನ ಅಕ್ಷರವೂ ಅದೇ ಜಾತಿದು. ಅಧಿಕಾರಿ ಭುಜದ ಮೇಲಿಂದ ಬಗ್ಗಿ ಪುಸ್ತಕದಲ್ಲಿ ಬೆರಳಿಟ್ಟು ಓದಿದ್ರು, ‘ಅನುಮಿ... ಉಚ್ಚಿ... ಉನ್ಸೂರ್’. ಓದಿ ತಲೆ ಮೇಲೆ ಕೈ ಇಟ್ಕೊಂಡ್ರು.

‘ಲೋ ಗೌಡ, ದಿನಾ ನನ್ನ ಹೆಸರಿನ ತಲೆ ಕಚ್ಚಿ ಅಮೀದಣ್ಣ ಅಮೀದಣ್ಣ ಅಂತಿದ್ದೆ, ಸುಮ್ಮನಿದ್ದೆ. ಈಗ ನೀನು ನಿಮ್ಮಪ್ಪನ್ನೂ ಬುಡಲಿಲ್ಲ, ಊರನ್ನೂ ಬುಡಲಿಲ್ಲ ಕಣೋ.’

ಆಗ ನನಗೆ ಹೊಳೀತು. ಯಾವ ವಕೀಲನಿಗೂ ಹೊಳೆಯದೆ ಇರೋದು ಹೊಳೀತು. ರಟ್ಟೆ ಕೊಡವಿ ಬಿಡಿಸ್ಕೊಂಡು ಮೇಜಿನ ಮುಂದೆ ನಿಂತೆ, ಹಮೀದಣ್ಣಂಗೆ ಹೇಳ್ದೆ, ನಾನು ಹೇಳಿದ್ದನ್ನ ಒಂದಕ್ಷರ ಬಿಡದೆ ಸಾಹೇಬ್ರಿಗೆ ಹೇಳಿ ಅಂತ.

‘ಸ್ವಾಮಿ, ಕಳ್ಳ ಆದ್ರೆ ಒಂದು ಕಡೆ ತಪ್ಪು ಏಳ್ತಾನೆ. ಇಲ್ಲಿ ಮೂರು ಕಡೆನೂ ಬಿಟ್ಟೋಗಿರೋದು ಒಂದೇ ಅಕ್ಷರ, ಅದೂ ಮೊದಲನೇದು. ನಾಕು ತಿಂಗಳ ಇಂದೆನೇ ಇಂಗೆ ಒಂದೇ ತರ ತಪ್ಪು ಏಳೋಕೆ ಯಾರಿಗಾಯ್ತದೆ? ಅದು ತಪ್ಪಲ್ಲ ಸ್ವಾಮಿ, ಅದು ನಮ್ಮೂರು.’

ಹಮೀದಣ್ಣ ಹಿಂದೀಲಿ ಹೇಳಿದ್ರು, ಅಧಿಕಾರಿಗೂ ಅವರ ಭಾಷೇಲಿ ತಡವರಿಸ್ಕೊಂಡು ಹೇಳಿದ್ರು. ಸಾಹೇಬ್ರು ಪಾಸ್‌ಪೋರ್ಟ್ ತೆಗೆದು ಪುಸ್ತಕದ ಪಕ್ಕ ಇಟ್ಟು ಮೂರೂ ಕಡೆ ನೋಡಿದ್ರು. ಆಮೇಲೆ ಪೆನ್ನು ಕೆಳಗಿಟ್ಟು, ನನ್ನ ಹೆಸರು ಹರಿಹರ್, ಹೇಳು ನೋಡಾನ ಅಂದ್ರು. ಅಲ್ಲಿಗೆ ನನ್ನ ಜೀವ ಅವರ ಹೆಸರಿನ ಮೇಲೆ ನಿಂತಿತ್ತು ಕಣ್ರೋ. ಅಷ್ಟು ದೊಡ್ಡ ಸಾಹೇಬ್ರ ಹೆಸರು ಕೆಡಿಸಬಾರದು ಅಂತ ಉಸಿರು ಕಟ್ಟಿ, ಕಣ್ಣು ಮುಚ್ಚಿ, ನಾಲಿಗೆ ಸರಿ ಮಾಡ್ಕೊಂಡು, ಇದ್ದಬದ್ದ ಶಕ್ತಿಯೆಲ್ಲ ಹಾಕಿ ಹೇಳ್ದೆ.

‘ಅರಿಯರ್.’

ಸಾಹೇಬ್ರು ನಕ್ಕ ರಭಸಕ್ಕೆ ಕನ್ನಡಕ ಜಾರ್ತು. ಇನ್ನೊಂದ್ಸಲ ಹೇಳು ಅಂದ್ರು, ಇನ್ನೊಂದ್ಸಲ ಅರಿಯರ್. ಕ್ಯಾಂಪಿನ ಅಧಿಕಾರಿ ಬಿಗಿದ ಮುಖದೋನು, ಅವನೂ ತುಟಿ ಕಚ್ಕೊಂಡ, ಅವನಾಗೇ ಪುಸ್ತಕ ಎಳ್ಕೊಂಡು ಮೂರು ಹೆಸರಿಗೂ ಮುಂದೆ ಒಂದೊಂದು ಅಕ್ಷರ ಸೇರಿಸ್ದ, ಸೇರಿಸಿ ನನ್ನ ಕಡೆ ನೋಡಿ ಬಸ್ಸಿನ ಕಡೆ ಕೈ ತೋರಿಸ್ದ. ಕಾವಲಿನೋನೇ ನನ್ನ ಬೆನ್ನು ತಟ್ಟಿ, ಇನ್ಮೇಲೆ ರೊಟ್ಟಿ ಯಾರು ಸುಡ್ತಾರೆ ಅಂದ. ರಾಜನ ಹಂಗೆ ನಡ್ಕೊಂಡು ಹೋದೆ ನಾನು, ಹರಕು ಚಪ್ಪಲೀಲಿ. ಹಮೀದಣ್ಣನ ಸೀಟು ಖಾಲಿನೇ ಇತ್ತು, ಇಬ್ಬರೂ ಅದರಲ್ಲೇ ಒತ್ಕೊಂಡು ಕೂತ್ವಿ. ನೀವು ಯಾಕಣ್ಣ ಇಳಿದು ಬಂದ್ರಿ, ನಿಮ್ಮನ್ನೂ ಹಿಡ್ಕೊಂಡಿದ್ರೆ ಅಂತ ಕೇಳ್ದೆ. ನಿಮ್ಮಪ್ಪನ ಮುಂದೆ ನಿಂತು ನಿನ್ನ ಕರ್ಕೊಂಡು ಬಂದಿದ್ದು ನಾನು, ಒಬ್ಬನೇ ಹೋದ್ರೆ ಯಾವ ಮುಖ ತೋರಿಸ್ಲಿ ಅಂದ್ರು. ಅಷ್ಟೇ ಹೇಳಿದ್ರು, ಆಮೇಲೆ ದಾರಿ ಉದ್ದಕ್ಕೂ ನನ್ನ ಆಡ್ಕೊಂಡೇ ಬಂದ್ರು.

ಬಸ್ಸು ತಿರುಗೋವಾಗ ಆ ಲೆಕ್ಕದ ಮೇಷ್ಟ್ರು ತಂತಿ ಹತ್ರ ನಿಂತಿದ್ರು. ಬೆಳಿಗ್ಗೆ ಅವರು ಹಮೀದಣ್ಣನ ಹತ್ರ ಹೇಳಿದ್ರಂತೆ, ನಿಮ್ಮನ್ನ ಕೇಳ್ಕೊಂಡು ಒಂದು ದೇಶ ಬಂತು, ನಾವು ಇರೋ ದೇಶನೇ ನಮ್ಮನ್ನ ಒಳಗೆ ಹಾಕಿದೆ, ನಮ್ಮ ಹೆಸರು ಯಾರು ಕೂಗ್ತಾರೆ ಅಂತ. ಕೈ ಎತ್ತಿದ್ರು. ನಾನೂ ಎತ್ತಿದೆ. ಆಮೇಲೆ ಏನಾದ್ರು ಗೊತ್ತಿಲ್ಲ.

ಇಷ್ಟು ತಿಳ್ಕೊಳ್ಳಿ. ಸ್ಕೂಲಲ್ಲಾಗಲಿ, ರೇಷನ್ ಕಾರ್ಡಿಗಾಗಲಿ, ಯಾರಾದ್ರೂ ನಿಮ್ಮ ಹೆಸರು ಬರ್ಕೊಂಡ್ರೆ, ಏನು ಬರ್ಕೊಂಡ್ರಿ ಸ್ವಾಮಿ, ಒಂದ್ಸಲ ಓದಿ ಅನ್ನಿ. ಮುಖ ಸಿಂಡರಿಸ್ತಾರೆ, ಸಿಂಡರಿಸ್ಲಿ. ಅವರು ಓದೋಗಂಟ ಜಾಗ ಬುಟ್ಟು ಕದಲಬೇಡಿ.